ಪಾಯಿಂಟ್ ಆದಮೇಲಿನ ಅಂಕಿ

ಅನುಮಾನಪಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಸಿಂಗಪುರದ ತಂಜಾಂಗ್ ಪಗಾರಿನ ಒಂದು ಬ್ಯಾಂಕಿನಲ್ಲಿ, ಬೇರೆಯವರು ಬರೆದಿಟ್ಟ ಅಂಕಿಗಳ ಮುಂದೆ ಕೂತು ಇದರಲ್ಲಿ ಎಲ್ಲಿ ಮಸಲತ್ತು ನಡೆದಿದೆ ಎಂದು ಹುಡುಕುವುದು ನನ್ನ ಕೆಲಸ. ಅದನ್ನೇ ಮಾಡಿ ಮಾಡಿ ಈಗ ತರಕಾರಿ ಅಂಗಡಿಯವನು ನಗುತ್ತಾ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಪುಕ್ಕಟೆ ಕೊಟ್ಟರೂ ದಾರ ಬಿಚ್ಚಿ ಒಳಗೆ ಕೊಳೆತಿದೆಯೇ ಎಂದು ನೋಡುತ್ತೇನೆ. ನನ್ನ ಗಂಡ ಇದನ್ನು ಕಾಯಿಲೆ ಎನ್ನುತ್ತಾರೆ. ಬೂನ್ ಲೇ ಕಡೆಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಅವರು. ಯಂತ್ರ ಕೆಟ್ಟರೆ ಸದ್ದು ಮಾಡಿ ಹೇಳುತ್ತದೆ, ಮನುಷ್ಯರು ಹೇಳುವುದಿಲ್ಲವಲ್ಲ, ಅದಕ್ಕೇ ನನ್ನಂಥವರು ಬೇಕು ಎಂದು ನಾನು ವಾದ ಮಾಡುತ್ತೇನೆ.

ಹಾಗಾಗಿ ಮಗಳ ಕೋಣೆಯಿಂದ ಪುದೀನಾದಂಥ ತಣ್ಣನೆಯ ವಾಸನೆ ಬರತೊಡಗಿದಾಗ ನನ್ನ ಮೂಗು ಚುರುಕಾಯಿತು. ಸೆರಂಗೂನ್‌ನ ನಮ್ಮ ಕಾಂಡೋ ಫ್ಲ್ಯಾಟಿನಲ್ಲಿ ಕೋಣೆಗಳು ಚಿಕ್ಕವು. ಒಂದು ಕಡೆ ಒಗ್ಗರಣೆ ಹಾಕಿದರೆ ಇನ್ನೊಂದು ಕಡೆಯ ದಿಂಬಿಗೂ ಇಂಗಿನ ವಾಸನೆ ಅಂಟುತ್ತದೆ. ಅಂಥ ಮನೆಯಲ್ಲಿ ಈ ಹುಡುಗಿಯ ಕೋಣೆಗೆ ಮಾತ್ರ ಬೇರೆ ವಾಸನೆ ಎಂದರೆ ಏನರ್ಥ? ಈ ಊರಿನಲ್ಲಿ ವೇಪ್, ಎಂದರೆ ಎಲೆಕ್ಟ್ರಾನಿಕ್ ಸಿಗರೇಟು, ಸೇದುವುದು ಕಾನೂನಿಗೇ ವಿರುದ್ಧ. ಶಾಲೆಯವರು ಪೋಷಕರಿಗೆ ಆಗಾಗ ಎಚ್ಚರಿಕೆಯ ಮಾತು ಕಳಿಸುತ್ತಲೇ ಇದ್ದರು. ಪೆನ್ನಿನ ಹಾಗಿರುತ್ತದೆ, ಹಣ್ಣಿನ, ಪುದೀನಾದ ವಾಸನೆ ಇರುತ್ತದೆ, ಕಣ್ಣಿಟ್ಟಿರಿ ಎಂದು. ಕಣ್ಣಿಡಿ ಎಂದು ನನಗೆ ಯಾರಾದರೂ ಹೇಳಿಕೊಡಬೇಕೇ?

ಅವಳು ಸ್ನಾನಕ್ಕೆ ಹೋದಾಗ ಶಾಲೆಯ ಚೀಲ ನೋಡಿದೆ. ಪೆನ್ನಿನ ಡಬ್ಬಿ ಬಿಚ್ಚಿ ಒಂದೊಂದೇ ಪೆನ್ನಿನಲ್ಲಿ ಗೀಚಿದೆ. ಎಲ್ಲವೂ ಬರೆದವು. ಬೇರೆ ಯಾವ ತಾಯಿಯಾದರೂ ಅಲ್ಲಿಗೆ ಸಮಾಧಾನಪಡುತ್ತಿದ್ದಳು. ನನಗೆ ಏನೂ ಸಿಗದಿದ್ದುದೇ ಇನ್ನಷ್ಟು ಗುಮಾನಿ ಹುಟ್ಟಿಸಿತು. ಹದಿನಾರು ವರ್ಷದ ಹುಡುಗಿಯ ಚೀಲ ಅಷ್ಟು ಚೊಕ್ಕಟವಾಗಿರುವುದು ಸಹಜವಲ್ಲ.

ಅದೇ ದಿನಗಳಲ್ಲಿ ಅವಳು ಕೂದಲು ಕತ್ತರಿಸಿಕೊಂಡು ಬಂದಳು. ಸೊಂಟದ ತನಕ ಇದ್ದ ಕೂದಲು. ನನ್ನ ಅತ್ತೆ ಮೈಸೂರಿನಿಂದ ಬಂದಾಗಲೆಲ್ಲ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ ಬೆಳೆಸಿದ್ದು. ಈ ಸಲವೂ ಅವರು ಬಂದು ಆಗಲೇ ಕೆಲವು ವಾರಗಳಾಗಿದ್ದವು. ಮೊಮ್ಮಗಳು ಶಾಲೆಯಿಂದ ಕಿವಿಯ ಮಟ್ಟಕ್ಕೆ ಕತ್ತರಿಸಿದ ಕೂದಲಿನಲ್ಲಿ ಬಂದು ನಿಂತಿದ್ದನ್ನು ನೋಡಿ ಅವರು ಟಿವಿಯ ಧ್ವನಿ ಕಡಿಮೆ ಮಾಡಿದರು. ನನ್ನ ಅತ್ತೆಗೆ ಕ್ರಿಕೆಟ್ ಎಂದರೆ ಪ್ರಾಣ. ಪಂದ್ಯ ನಡೆಯುವಾಗ ಟಿವಿಯ ಧ್ವನಿ ಕಡಿಮೆ ಮಾಡಿದ್ದಾರೆಂದರೆ ಅವರಿಗೆ ಎಷ್ಟು ನೋವಾಗಿರಬೇಕು ಎಂದು ನೀವೇ ಯೋಚಿಸಿ.

"ಏನೇ ಇದು? ಯಾರನ್ನ ಕೇಳಿ ಕತ್ತರಿಸಿಕೊಂಡೆ?" ಎಂದರು.

"ತುಂಬ ಸೆಖೆ ಅಜ್ಜಿ. ಜಡೆ ಹಾಕೋದೇ ಒಂದು ಕೆಲಸ ಲಾ," ಎಂದು ಈ ಊರಿನವರ 'ಲಾ' ಸೇರಿಸಿ ಹೇಳಿ ಅವಳು ಒಳಗೆ ಹೋದಳು.

ಈ ಊರಿನಲ್ಲಿ ಸೆಖೆ ಇಲ್ಲದ ದಿನ ಯಾವುದಿದೆ? ಹುಟ್ಟಿದಾಗಿನಿಂದ ಇಲ್ಲೇ ಇರುವವಳಿಗೆ ಇದ್ದಕ್ಕಿದ್ದಂತೆ ಸೆಖೆ ತಿಳಿಯಿತೇ? ಯಾವನೋ ಹುಡುಗ 'ಶಾರ್ಟ್ ಹೇರ್ ಚೆನ್ನಾಗಿರತ್ತೆ' ಎಂದಿರಬೇಕು ಎಂದು ನಾನು ಅಂದುಕೊಂಡೆ.

ಇವೆರಡರ ಜೊತೆಗೆ ಮೂರನೆಯದು ಸೇರಿಕೊಂಡಿತು. ಊಟಕ್ಕೆ ಕೂತರೆ ಅವಳು ಚಮಚ ಕೇಳತೊಡಗಿದಳು. ಅದನ್ನೂ ಎಡಗೈಯಲ್ಲಿ ಹಿಡಿಯುತ್ತಿದ್ದಳು. ನಮ್ಮ ಮನೆಯಲ್ಲಿ ಹುಳಿಯನ್ನ, ಮೊಸರನ್ನ ಎಲ್ಲ ಬಲಗೈಯಲ್ಲಿ ಕಲಸಿ ತಿನ್ನುವುದೇ. ಎಡಗೈ ತಟ್ಟೆಗೆ ಬಂದರೆ ಅತ್ತೆಯ ಹುಬ್ಬು ಮೇಲೇರುತ್ತದೆ. ಒಂದು ಸಲ ಅವಳು ಉಪ್ಪಿನಕಾಯಿ ಜಾಡಿಯನ್ನು ಎಡಗೈಯಲ್ಲಿ ಅಜ್ಜಿಯ ಕಡೆ ಚಾಚಿದಳು. ಅತ್ತೆ ತೆಗೆದುಕೊಳ್ಳಲೇ ಇಲ್ಲ.

"ಬಲಗೈಗೆ ಏನು ಬಂದಿದೆ ನಿಂಗೆ?" ಎಂದು ಕೇಳಿದರು.

ಮಗಳು ಜಾಡಿಯನ್ನು ಮೇಜಿನ ಮೇಲಿಟ್ಟು ಅವರ ಕಡೆಗೆ ಮೆಲ್ಲಗೆ ತಳ್ಳಿದಳು. ನನಗೆ ಪಿತ್ತ ನೆತ್ತಿಗೇರಿತು. ಅಜ್ಜಿಯನ್ನು ಕೆಣಕುವುದಕ್ಕೆಂದೇ ಹೀಗೆ ಮಾಡುತ್ತಿದ್ದಾಳೆ ಎನಿಸಿತು. "ಇನ್ನೊಂದ್ಸಲ ಎಡಗೈ ಮುಂದೆ ಬಂದ್ರೆ ನೋಡು," ಎಂದು ಗದರಿದೆ. ಅವಳು ತಲೆ ಎತ್ತಲಿಲ್ಲ. ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಈಗ ಅವಳ ಆಟದ ವಿಷಯ ಹೇಳಬೇಕು. ಅವಳು ಶಾಲೆಯ ಸಾಫ್ಟ್‌ಬಾಲ್ ತಂಡದಲ್ಲಿದ್ದಳು. ಬೇಸ್‌ಬಾಲಿನ ತಂಗಿಯಂಥ ಆಟ ಅದು. ಇಲ್ಲಿನ ಶಾಲೆಗಳಲ್ಲಿ ಹೆಣ್ಣುಮಕ್ಕಳು ಬಹಳ ಆಡುತ್ತಾರೆ. ನಮ್ಮವಳು ಅದರಲ್ಲಿ ಪಿಚ್ಚರ್, ಎಂದರೆ ಚೆಂಡೆಸೆಯುವವಳು. ತೋಳನ್ನು ರಾಟೆಯ ಹಾಗೆ ಒಂದು ಪೂರ್ತಿ ಸುತ್ತು ಸುತ್ತಿಸಿ, ಸೊಂಟದ ಹತ್ತಿರದಿಂದ ಚೆಂಡನ್ನು ಬಿಡುತ್ತಾಳೆ. ಮೊದಲ ಸಲ ನೋಡಿದಾಗ ನನಗೆ ಹೆದರಿಕೆಯಾಗಿತ್ತು. ಹತ್ತನೆಯ ತರಗತಿಯ ಓದು ಎದುರಿಗಿರುವಾಗ ವಾರಕ್ಕೆ ಅಷ್ಟೊಂದು ಸಂಜೆ ಮೈದಾನದಲ್ಲಿ ಕಳೆಯುವುದು ನನಗೆ ಒಪ್ಪಿಗೆ ಇರಲಿಲ್ಲ. ಅವಳು ಅತ್ತು ಕರೆದು, ಅಪ್ಪನಿಂದ ಶಿಫಾರಸು ಮಾಡಿಸಿ ನನ್ನನ್ನು ಒಪ್ಪಿಸಿದ್ದಳು. ಒಪ್ಪುವಾಗ ನಾನೊಂದು ಷರತ್ತು ಹಾಕಿದ್ದೆ. ಆಟದಿಂದ ಓದಿಗಾಗಲಿ ಮೈಗಾಗಲಿ ತೊಂದರೆಯಾದರೆ ಅವತ್ತೇ ಬಿಡಬೇಕು. ಆ ವಿಷಯದಲ್ಲಿ ಒಂದೇ ಒಂದು ಸುಳ್ಳು ಸಿಕ್ಕಿದರೂ ಅವತ್ತೇ ಬಿಡಬೇಕು. ಅವಳು ದೇವರ ಮನೆಯ ಮುಂದೆ ನಿಂತು ಹೂಂ ಎಂದಿದ್ದಳು. ಆಗ ಹತ್ತಿರ ಬರುತ್ತಿದ್ದ ಒಂದು ಸೋಮವಾರದ ಪಂದ್ಯ ಅವಳ ತಂಡಕ್ಕೆ ಆ ವರ್ಷದ ದೊಡ್ಡ ಪಂದ್ಯ. ಮನೆಯಲ್ಲಿ ಅವಳು ಬೇರೆ ಮಾತನ್ನೇ ಆಡುತ್ತಿರಲಿಲ್ಲ.

ನಾನು ಮಾತ್ರ ಆ ಒಂದು ಸುಳ್ಳು ಎಲ್ಲಿದೆ ಎಂದು ಹುಡುಕುತ್ತಿದ್ದೆ.

ಸಿಕ್ಕಿದ್ದು ಅವಳ ಗಣಿತದ ಪ್ರಾಜೆಕ್ಟಿನಲ್ಲಿ. ಯಾವುದಾದರೂ ನಿಜವಾದ ಅಂಕಿಅಂಶಗಳನ್ನು ತೆಗೆದುಕೊಂಡು ಅದರಿಂದ ಏನು ತಿಳಿಯುತ್ತದೆ ಎಂದು ಬರೆಯಬೇಕು ಎಂದು ಶಾಲೆಯಲ್ಲಿ ಹೇಳಿದ್ದರಂತೆ. ಬೇರೆ ಮಕ್ಕಳು ಮಳೆ, ಬಸ್ಸು, ಮೊಬೈಲು ಎಂದು ಆರಿಸಿಕೊಂಡಿದ್ದರು. ನಮ್ಮವಳು ಆರಿಸಿಕೊಂಡಿದ್ದು ಅಮೆರಿಕದ ಒಂದು ಹಳೆಯ ವೃತ್ತಿಪರ ಬೇಸ್‌ಬಾಲ್ ತಂಡದ ಪಿಚ್ಚರುಗಳ ದಾಖಲೆ. ಆ ತಂಡ ಈಗ ಇಲ್ಲ. ಆಡಿದವರು ಯಾರೂ ಬದುಕಿಲ್ಲ. ಅವರ ಬಾಲುಗಳ ಲೆಕ್ಕ ಮಾತ್ರ ಯಾರೋ ಪುಣ್ಯಾತ್ಮರು ಜೋಪಾನವಾಗಿ ಇಟ್ಟಿದ್ದಾರೆ.

"ಇದೇ ಯಾಕೆ?" ಎಂದು ಕೇಳಿದೆ.

"ಇಂಟರೆಸ್ಟಿಂಗ್ ಆಗಿದೆ ಅಮ್ಮ. ಆಗೆಲ್ಲ ಒಬ್ಬನೇ ಪಿಚ್ಚರ್ ಪೂರ್ತಿ ಗೇಮ್ ಹಾಕ್ತಿದ್ದ. ಈಗಿನ ಥರ ಚೇಂಜ್ ಮಾಡ್ತಿರಲಿಲ್ಲ."

ಅವಳೇ ಕೂತು ಕೆಲವು ವಿಷಯ ಹೇಳಿಕೊಟ್ಟಳು. ಪಿಚ್ಚರ್ ಎಷ್ಟು ಇನ್ನಿಂಗ್ಸ್ ಎಸೆದ ಎನ್ನುವುದು ಒಂದು ಅಂಕಣ. ಎದುರಾಳಿಗೆ ಎಷ್ಟು ರನ್ ಬಿಟ್ಟುಕೊಟ್ಟ ಎನ್ನುವುದು ಇನ್ನೊಂದು. ಫೀಲ್ಡರ್ ಸುಲಭದ ಚೆಂಡು ಕೈಬಿಟ್ಟು ಬಂದ ರನ್ನುಗಳನ್ನು ಪಿಚ್ಚರನ ತಲೆಗೆ ಕಟ್ಟುವುದಿಲ್ಲ. ಉಳಿದ ರನ್ನುಗಳು ಮಾತ್ರ ಅವನ ಖಾತೆಗೆ. ಅದನ್ನು ಒಂಬತ್ತರಿಂದ ಗುಣಿಸಿ, ಎಸೆದ ಇನ್ನಿಂಗ್ಸಿನಿಂದ ಭಾಗಿಸಿದರೆ ಅವನ ಸರಾಸರಿ. ಅದು ಕಡಿಮೆ ಇದ್ದಷ್ಟೂ ಒಳ್ಳೆಯವನು.

"ತಪ್ಪು ಫೀಲ್ಡರದ್ದೋ ಪಿಚ್ಚರದ್ದೋ ಅಂತ ಹೇಳೋರು ಯಾರು?"

"ಸ್ಕೋರರ್. ಮೇಲೆ ಕೂತಿರ್ತಾರೆ. ನೋಡಿ ಡಿಸೈಡ್ ಮಾಡ್ತಾರೆ."

"ಅವರು ತಪ್ಪು ಮಾಡಿದ್ರೆ?"

ಅವಳು ನನ್ನ ಮುಖ ನೋಡಿ ನಕ್ಕಳು. "ಅಮ್ಮ, ಅವರೆಲ್ಲ ಸತ್ತು ಹೋಗಿದಾರೆ. ಅವರ ಮೇಲೂ ಡೌಟಾ?"

ಹೌದು, ಅವರ ಮೇಲೂ. ಮೇಲೆ ಕೂತು ಇದು ಇವನ ತಪ್ಪು, ಅದು ಅವನ ತಪ್ಪು ಎಂದು ಹಂಚುವ ಮನುಷ್ಯನನ್ನು ನಾನು ಅಷ್ಟು ಸುಲಭಕ್ಕೆ ನಂಬುವುದಿಲ್ಲ. ಆದರೆ ನನ್ನ ಗಮನ ಸೆಳೆದಿದ್ದು ಬೇರೆ. ಹೀಗೆ ನಗುತ್ತಾ ಹೇಳಿಕೊಟ್ಟವಳೇ ಮರುದಿನದಿಂದ, ನಾನು ಊಟದ ಮೇಜಿನ ಹತ್ತಿರ ಹೋದರೆ ಲ್ಯಾಪ್‌ಟಾಪ್ ಮುಚ್ಚತೊಡಗಿದಳು. ಸತ್ತವರ ಅಂಕಿಗಳನ್ನು ಯಾರಾದರೂ ಬಚ್ಚಿಡುತ್ತಾರೆಯೇ?

ಒಂದು ಬೆಳಗ್ಗೆ ಅವಳು ಮುಚ್ಚುವುದನ್ನು ಮರೆತು ಸ್ನಾನಕ್ಕೆ ಹೋಗಿದ್ದಳು. ಆ ಪುಟವನ್ನು ನನ್ನ ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಮಧ್ಯಾಹ್ನ ಆಫೀಸಿನ ಹತ್ತಿರ, ಊಟದ ಅಂಗಡಿಗಳೇ ತುಂಬಿರುವ ಹಾಕರ್ ಸೆಂಟರಿನಲ್ಲಿ, ತಟ್ಟೆಯ ಪಕ್ಕ ಫೋನ್ ಇಟ್ಟುಕೊಂಡು ನೋಡಿದೆ. ಸಾಲಾಗಿ ಪಿಚ್ಚರುಗಳು, ವರ್ಷಗಳು, ಇನ್ನಿಂಗ್ಸು, ರನ್ನು, ಸರಾಸರಿ. ಕೆಲವು ಸಾಲುಗಳಿಗೆ ಹಳದಿ ಬಣ್ಣ ಬಳಿದಿದ್ದಳು.

ನಮ್ಮ ಕೆಲಸದಲ್ಲಿ ಮೊದಲು ನೋಡುವುದು ಕೊನೆಯ ಅಂಕಿಯನ್ನು. ನಿಜವಾಗಿ ಅಳೆದು ಬಂದ ಸಂಖ್ಯೆಗಳಲ್ಲಿ ಕೊನೆಯ ಜಾಗದಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಎಲ್ಲವೂ ಹೆಚ್ಚು ಕಡಿಮೆ ಸಮನಾಗಿ ಬರುತ್ತವೆ. ಕೂತಲ್ಲೇ ಹುಟ್ಟಿಸಿದ ಸಂಖ್ಯೆಗಳಲ್ಲಿ ಹಾಗೆ ಬರುವುದಿಲ್ಲ. ಮನುಷ್ಯನಿಗೆ ಇಷ್ಟದ ಅಂಕಿಗಳಿರುತ್ತವೆ, ಕೈ ತನಗೆ ಗೊತ್ತಿಲ್ಲದೆಯೇ ಅಲ್ಲಿಗೇ ಹೋಗುತ್ತದೆ. ಮಗಳ ಪಟ್ಟಿಯಲ್ಲಿ ಇನ್ನಿಂಗ್ಸಿನ ಅಂಕಣ ನೋಡಿದೆ. ಪಾಯಿಂಟ್ ಆದಮೇಲೆ ಸೊನ್ನೆ, ಒಂದು, ಎರಡು. ಮತ್ತೆ ಎರಡು, ಸೊನ್ನೆ, ಒಂದು. ಕೆಳಗಿನ ತನಕ ಬೆರಳಾಡಿಸಿದೆ. ಮೂರಿಲ್ಲ. ನಾಲ್ಕಿಲ್ಲ. ಐದು, ಆರು, ಏಳು, ಎಂಟು, ಒಂಬತ್ತು ಎಲ್ಲೂ ಇಲ್ಲ.

ನನ್ನ ಎದೆ ಧಸಕ್ಕೆಂದಿತು. ಜೊತೆಗೆ, ಹೇಳಿಬಿಡುತ್ತೇನೆ, ಒಂದು ಚೂರು ಖುಷಿಯೂ ಆಯಿತು. ಕಳ್ಳಬೆಕ್ಕು ಸಿಕ್ಕಿಬಿದ್ದ ಖುಷಿ.

ಇನ್ನೂ ಖಚಿತವಾಗಲಿ ಎಂದು ಅವಳೇ ಹೇಳಿಕೊಟ್ಟಂತೆ ಲೆಕ್ಕ ಮಾಡಿದೆ. ರನ್ನನ್ನು ಒಂಬತ್ತರಿಂದ ಗುಣಿಸಿ ಇನ್ನಿಂಗ್ಸಿನಿಂದ ಭಾಗಿಸಿದೆ. ಪಾಯಿಂಟ್ ಆದಮೇಲೆ ಸೊನ್ನೆ ಇದ್ದ ಕಡೆ ಅವಳ ಸರಾಸರಿ ಸರಿಯಾಗಿ ಕೂತಿತು. ಒಂದೋ ಎರಡೋ ಇದ್ದ ಸಾಲುಗಳಲ್ಲಿ ಎಷ್ಟೋ ಕಡೆ ಕೂದಲೆಳೆಯಷ್ಟು ತಪ್ಪುತ್ತಿತ್ತು. ಮೇಲ್ನೋಟಕ್ಕೆ ಸರಿ, ಒಳಗೆ ಹೊಂದಾಣಿಕೆಯಿಲ್ಲ. ಬ್ಯಾಂಕಿನಲ್ಲಾಗಿದ್ದರೆ ಆ ಹೊತ್ತಿಗೆ ಒಬ್ಬರ ಕೆಲಸ ಹೋಗಿರುತ್ತಿತ್ತು. ಅಲ್ಲಿಗೆ ನನ್ನ ಮಟ್ಟಿಗೆ ಎಲ್ಲ ಇತ್ಯರ್ಥವಾಯಿತು. ಹುಡುಗಿ ಯಾವನ ಜೊತೆಯೋ ತಿರುಗುತ್ತಾ, ಏನನ್ನೋ ಸೇದುತ್ತಾ, ಪ್ರಾಜೆಕ್ಟಿಗೆ ಬಾಯಿಗೆ ಬಂದ ಅಂಕಿ ತುಂಬಿಸುತ್ತಿದ್ದಾಳೆ.

ಆ ಸಂಜೆ ಅವಳನ್ನು ಎದುರಿಗೆ ಕೂರಿಸಿಕೊಂಡೆ. 'ಪಾಯಿಂಟ್ ಆದಮೇಲೆ ಮೂರು ಯಾಕೆ ಬರುವುದಿಲ್ಲ' ಎಂದು ನೇರವಾಗಿ ಕೇಳಬಹುದಿತ್ತು. ಕೇಳಿದ್ದರೆ ಒಂದೇ ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ನಮ್ಮ ಕಸುಬಿನಲ್ಲಿ ಅದು ನಿಷಿದ್ಧ. ನಮಗೇನು ಸಿಕ್ಕಿದೆ ಎಂದು ಎದುರಿನವರಿಗೆ ತಿಳಿಯಬಾರದು. ಸುತ್ತಿ ಬಳಸಿ ಕೇಳಿ, ಅವರೇ ಬಾಯಿಬಿಡುವಂತೆ ಮಾಡಬೇಕು.

"ಆ ಪ್ರಾಜೆಕ್ಟ್ ನಂಬರ್ಸ್ ಎಲ್ಲ ಎಲ್ಲಿಂದ ತಂದೆ?"

"ಒಂದು ವೆಬ್‌ಸೈಟ್‌ನಿಂದ."

"ನೀನೇ ಟೈಪ್ ಮಾಡಿದ್ಯಾ?"

"ಹೂಂ. ಯಾಕೆ?"

"ಸುಮ್ನೆ ಕೇಳಿದೆ. ಎಲ್ಲ ಕರೆಕ್ಟಾಗಿದ್ಯಾ? ಚೆಕ್ ಮಾಡಿದ್ಯಾ?"

"ಮಾಡಿದೀನಿ ಅಮ್ಮ." ಅವಳ ಕಣ್ಣು ನನ್ನ ಫೋನಿನ ಮೇಲಿತ್ತು. "ನೀನು ನೋಡಿದ್ಯಾ?"

"ಯಾಕೆ, ನೋಡಬಾರದ್ದು ಏನಾದ್ರೂ ಇದ್ಯಾ ಅದ್ರಲ್ಲಿ?"

ಅವಳ ಮುಖ ಬಿಳಿಚಿಕೊಂಡಿತು. ನಾನು ಇಷ್ಟು ವರ್ಷಗಳಲ್ಲಿ ಎಷ್ಟೋ ಮುಖಗಳನ್ನು ನೋಡಿದ್ದೇನೆ, ಅದು ತಪ್ಪಿತಸ್ಥರ ಮುಖವೇ. "ಏನಿಲ್ಲ," ಎಂದಳು. ಎದ್ದು ಹೋಗುವಾಗ ಕುರ್ಚಿಯನ್ನು ಎಡಗೈಯಲ್ಲೇ ಒಳಗೆ ತಳ್ಳಿದಳು.

ಶನಿವಾರದ ಮಧ್ಯಾಹ್ನ ಅವಳ ಗಣಿತದ ಟೀಚರಿಗೂ ತಂಡದ ಕೋಚಿಗೂ ಒಂದೇ ಇಮೇಲ್ ಬರೆಯಲು ಕೂತೆ. ಪ್ರಾಜೆಕ್ಟಿನ ಅಂಕಿಗಳ ಬಗ್ಗೆ ಸಂಶಯವಿದೆ, ಸೋಮವಾರದಿಂದ ಅವಳು ತಂಡದಲ್ಲಿ ಇರುವುದಿಲ್ಲ ಎಂದು. ಎರಡು ಸಾಲು ಬರೆದಿದ್ದೆ. ಮಗಳು ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಅತ್ತೆ ಸೋಫಾದ ಮೇಲೆ ಕಾಲು ಮಡಚಿ ಕೂತು ಪಂದ್ಯ ನೋಡುತ್ತಿದ್ದರು. ಯಾರೋ ಎಳೆಯ ಬೌಲರ್ ಒಬ್ಬ ಚಚ್ಚಿಸಿಕೊಳ್ಳುತ್ತಿದ್ದ.

"ಅಯ್ಯೋ, ಇನ್ನೊಂದು ಬಾಲ್ ಇದೆ ಕಣಪ್ಪ, ಹುಷಾರಾಗಿ ಹಾಕು," ಎಂದು ಅತ್ತೆ ಟಿವಿಗೆ ಬುದ್ಧಿ ಹೇಳಿದರು.

ತಲೆ ಎತ್ತಿ ನೋಡಿದೆ. ಪರದೆಯ ಕೆಳಗೆ ಹದಿನಾಲ್ಕು ಪಾಯಿಂಟ್ ಐದು ಓವರ್ ಎಂದಿತ್ತು. ಅವನು ಓಡಿ ಬಂದು ಎಸೆದ. ಪಾಯಿಂಟ್ ಐದು ಇದ್ದದ್ದು ಪಾಯಿಂಟ್ ಆರು ಆಗಲಿಲ್ಲ. ಹದಿನೈದಾಯಿತು.

ಇಮೇಲ್ ಮೇಲಿದ್ದ ನನ್ನ ಬೆರಳು ಅಲ್ಲೇ ನಿಂತಿತು.

ಓವರಿಗೆ ಆರು ಬಾಲು. ಹಾಗಾಗಿ ಕ್ರಿಕೆಟ್ಟಿನಲ್ಲಿ ಪಾಯಿಂಟ್ ಆದಮೇಲೆ ಐದನ್ನು ದಾಟುವ ಪ್ರಶ್ನೆಯೇ ಇಲ್ಲ. ಅದು ದಶಾಂಶವಲ್ಲ, ಬಾಲುಗಳ ಎಣಿಕೆ. ಹುಟ್ಟಿದಾಗಿನಿಂದ ಮನೆಯಲ್ಲಿ ರೇಡಿಯೋದ ಕಾಮೆಂಟರಿ ಕೇಳಿಕೊಂಡು, ಮದುವೆಯಾದ ಮೇಲೆ ಅತ್ತೆಯ ಟಿವಿ ಕೇಳಿಕೊಂಡು ಬದುಕಿದವಳು ನಾನು. ಈ ಲೆಕ್ಕ ನನಗೆ ಅಕ್ಷರ ಬರುವ ಮೊದಲೇ ಗೊತ್ತಿತ್ತು. ಬೇಸ್‌ಬಾಲಿನಲ್ಲಿ ಒಂದು ಇನ್ನಿಂಗ್ಸಿಗೆ ಮೂವರು ಔಟಾಗಬೇಕು ಎಂದು ಮಗಳ ಪಂದ್ಯ ನೋಡಿ ನೋಡಿ ಗೊತ್ತಿತ್ತು. ಒಬ್ಬ ಔಟಾಗಿದ್ದರೆ ಪಾಯಿಂಟ್ ಒಂದು, ಇಬ್ಬರು ಔಟಾಗಿದ್ದರೆ ಪಾಯಿಂಟ್ ಎರಡು. ಮೂರನೆಯವನು ಔಟಾದರೆ ಇನ್ನಿಂಗ್ಸೇ ಮುಗಿಯಿತು. ಮೂರು ಎಲ್ಲಿಂದ ಬರಬೇಕು?

ಫೋನ್ ತೆಗೆದು ಮತ್ತೆ ಲೆಕ್ಕ ಮಾಡಿದೆ. ಪಾಯಿಂಟ್ ಎರಡನ್ನು ಮೂರರಲ್ಲಿ ಎರಡು ಭಾಗ ಎಂದು ಹಿಡಿದೆ. ಸರಾಸರಿ ತಂತಾನೇ ಹೊಂದಿಕೊಂಡಿತು. ಎಲ್ಲ ಸಾಲುಗಳಲ್ಲೂ. ಒಂದೇ ಒಂದು ಅಂಕಿ ಆಚೀಚೆ ಆಗಿರಲಿಲ್ಲ. ಅಷ್ಟು ಚೊಕ್ಕಟವಾದ ಕೆಲಸ ನಮ್ಮ ಆಫೀಸಿನಲ್ಲಿ ಸಂಬಳ ತೆಗೆದುಕೊಳ್ಳುವವರೂ ಮಾಡುವುದಿಲ್ಲ. ನನಗೆ ಮುಖ ಬಿಸಿಯಾಯಿತು. ಇಮೇಲ್ ಅಳಿಸಿದೆ.

ಇಲ್ಲಿಗೆ ಬೇರೆಯವರಾಗಿದ್ದರೆ ಹೋಗಿ ಮಗಳ ತಲೆ ಸವರುತ್ತಿದ್ದರೇನೋ. ನಾನು ಮತ್ತೆ ಯೋಚಿಸತೊಡಗಿದೆ. ಅಂಕಿಗಳೆಲ್ಲ ನಿಜವೇ ಆಗಿದ್ದರೆ ಅವಳು ಲ್ಯಾಪ್‌ಟಾಪ್ ಮುಚ್ಚಿದ್ದೇಕೆ? ನಾನು ನೋಡಿದೆನೇನೋ ಎನಿಸಿದಾಗ ಬಿಳಿಚಿಕೊಂಡಿದ್ದೇಕೆ? ಅಂದರೆ ಬಚ್ಚಿಟ್ಟಿದ್ದು ಅಂಕಿಗಳನ್ನಲ್ಲ, ಅವುಗಳಿಂದ ತಿಳಿಯುವ ಏನನ್ನೋ.

ಈ ಸಲ ಪಟ್ಟಿಯನ್ನು ನಂಬಿ ಓದಿದೆ. ಹಳದಿ ಬಳಿದ ಸಾಲುಗಳೆಲ್ಲ ಬಹಳ ಹೆಚ್ಚು ಇನ್ನಿಂಗ್ಸ್ ಎಸೆದವರದು. ಅವರನ್ನೇ ಹಿಡಿದು ಮುಂದಿನ ವರ್ಷಕ್ಕೆ ಹೋದೆ. ಒಬ್ಬನ ಸರಾಸರಿ ಏರಿತ್ತು. ಇನ್ನೊಬ್ಬನ ಇನ್ನಿಂಗ್ಸು ಅರ್ಧಕ್ಕಿಳಿದಿತ್ತು. ಮತ್ತೊಬ್ಬನಿಗೆ ಮುಂದಿನ ವರ್ಷದ ಸಾಲೇ ಇರಲಿಲ್ಲ. ಅವನ ಕೊನೆಯ ಸಾಲಿನ ಕೆಳಗೆ ಖಾಲಿ ಜಾಗ ಬಿಟ್ಟು, ಅದಕ್ಕೂ ಮಗಳು ಹಳದಿ ಬಳಿದಿದ್ದಳು.

"ಅತ್ತೆ, ತುಂಬ ಬೌಲ್ ಮಾಡಿದ್ರೆ ಏನಾಗತ್ತೆ?" ಎಂದು ಕೇಳಿದೆ.

ನಾನು ಕ್ರಿಕೆಟ್ಟಿನ ಬಗ್ಗೆ ಪ್ರಶ್ನೆ ಕೇಳಿದ್ದು ಅವರ ಜನ್ಮದಲ್ಲಿ ಅದೇ ಮೊದಲು. ಅವರು ನನ್ನನ್ನು ಒಂದು ಥರ ನೋಡಿದರು. "ಏನಾಗತ್ತೆ? ಭುಜ ಹೋಗತ್ತೆ. ಎಷ್ಟು ಹುಡುಗರನ್ನ ನೋಡಿಲ್ಲ? ಮೊದಮೊದಲು ಯಾರಿಗೂ ಹೇಳಲ್ಲ ಅವರು. ಹೇಳಿದ್ರೆ ಟೀಮಿಂದ ತೆಗೆದುಬಿಡ್ತಾರಲ್ಲ!"

ಪುದೀನಾ ವಾಸನೆ ಯಾವುದೆಂದು ಆಗ ನನಗೆ ತಿಳಿಯಿತು. ಅತ್ತೆಯ ಮಂಡಿಗೆ ನಾನೇ ಎಷ್ಟೋ ಸಲ ಹಚ್ಚಿದ್ದ ನೋವಿನ ಮುಲಾಮಿನ ವಾಸನೆ. ಮೂಗಿಗೆ ಗೊತ್ತಿತ್ತು, ನಾನು ಕೇಳಲಿಲ್ಲ.

ಆದರೂ ನನ್ನ ಬುದ್ಧಿ ಎಲ್ಲಿ ಹೋಗುತ್ತದೆ? ಪರೀಕ್ಷೆ ಮಾಡದೆ ನಂಬುವ ಜೀವವಲ್ಲ ಇದು. ಅಡುಗೆಮನೆಗೆ ಹೋಗಿ ಅವಳನ್ನು ಕರೆದೆ. ನನಗಿಂತ ಎತ್ತರ ಬೆಳೆದಿದ್ದಾಳೆ, ಮೇಲಿನ ಶೆಲ್ಫಿನ ಡಬ್ಬಗಳನ್ನು ಇಳಿಸುವುದು ಯಾವಾಗಲೂ ಅವಳ ಕೆಲಸ.

"ಆ ಹುಳಿಪುಡಿ ಡಬ್ಬ ತೆಗೆದುಕೊಡು."

ಅವಳು ಎಡಗೈ ಎತ್ತಿದಳು.

"ಬಲಗೈಯಲ್ಲಿ."

ನನ್ನ ಕಡೆ ತಿರುಗಿ ನೋಡಿದಳು. ನಾನು ಬೈಯುತ್ತಿಲ್ಲ ಎಂದು ಅವಳಿಗೆ ತಿಳಿದಿರಬೇಕು. ಬಲಗೈಯನ್ನು ಮೆಲ್ಲಗೆ ಮೇಲೆ ಒಯ್ದಳು. ಎದೆಯ ಮಟ್ಟಕ್ಕೆ ಬರುವ ತನಕ ಮುಖದಲ್ಲಿ ಏನೂ ಕಾಣಲಿಲ್ಲ. ಭುಜದ ಮಟ್ಟಕ್ಕೆ ಬಂದಾಗ ಕೆಳದುಟಿ ಕಚ್ಚಿದಳು. ಅಲ್ಲಿಂದ ಮೇಲಕ್ಕೆ ಕೈ ಹೋಗಲಿಲ್ಲ. ಕೂದಲು ಕತ್ತರಿಸಿದ್ದು ಯಾವ ಹುಡುಗನಿಗೂ ಅಲ್ಲ, ಈ ಕೈ ಜಡೆಯ ತನಕ ಹೋಗುತ್ತಿರಲಿಲ್ಲ ಎಂದು ಆಗ ಹೊಳೆಯಿತು.

"ಸಾಕು, ಇಳಿಸು," ಎಂದೆ. "ಎಷ್ಟು ದಿನದಿಂದ?"

"ಗೊತ್ತಿಲ್ಲ. ಪ್ರಾಕ್ಟೀಸ್ ಜಾಸ್ತಿ ಆದಾಗಿಂದ. ಬಾಲ್ ಹಾಕುವಾಗ ಓಕೆ ಅಮ್ಮ, ಮೈ ಬಿಸಿ ಆದ್ರೆ ಗೊತ್ತಾಗಲ್ಲ. ಮನೆಗೆ ಬಂದ್ಮೇಲೆ ಜಾಸ್ತಿ ಆಗತ್ತೆ."

"ನಂಗ್ಯಾಕೆ ಹೇಳಲಿಲ್ಲ?"

ಅವಳ ಕಣ್ಣಲ್ಲಿ ನೀರು ಬಂತು, ಜೊತೆಗೇ ಸಿಟ್ಟೂ ಬಂತು. "ಹೇಳಿದ್ರೆ ನಿಲ್ಲಿಸ್ತೀಯ. ಸುಳ್ಳು ಹೇಳಿ ಸಿಕ್ಕಿಬಿದ್ರೂ ನಿಲ್ಲಿಸ್ತೀಯ. ಎರಡೂ ಸೇಮ್ ಅಲ್ವಾ ಅಮ್ಮ? ಹೇಳದೇ ಇದ್ರೆ ಮಂಡೇ ತನಕನಾದ್ರೂ ಆಡಬಹುದು ಅಂತ."

ಇಪ್ಪತ್ತು ವರ್ಷದ ನೌಕರಿಯಲ್ಲಿ ನನ್ನ ಎದುರು ಕೂತ ಯಾರೂ ನನಗೆ ಅಂಥ ಉತ್ತರ ಕೊಟ್ಟಿರಲಿಲ್ಲ. ನಿಜ ಹೇಳಿದರೂ ಅದೇ ಶಿಕ್ಷೆ, ಸುಳ್ಳು ಹೇಳಿದರೂ ಅದೇ ಶಿಕ್ಷೆ ಎಂದು ಷರತ್ತು ಹಾಕಿದವಳು ನಾನು. ಅಂಥ ನಿಯಮ ಬ್ಯಾಂಕಿನಲ್ಲಿ ಯಾರಾದರೂ ಮಾಡಿದ್ದರೆ, ಇದು ಸುಳ್ಳು ಹೇಳಿಸುವ ನಿಯಮ ಎಂದು ಮೊದಲು ಕೆಂಪು ಗೆರೆ ಎಳೆಯುತ್ತಿದ್ದವಳೂ ನಾನೇ. ಮೇಲೆ ಕೂತ ಸ್ಕೋರರ್ ಇದನ್ನು ಯಾರ ಖಾತೆಗೆ ಬರೆಯುತ್ತಿದ್ದನೋ. ಹುಡುಗಿಯ ಖಾತೆಗಂತೂ ಬರೆಯುತ್ತಿರಲಿಲ್ಲ.

"ಆ ಹಳದಿ ಸಾಲುಗಳು," ಎಂದೆ. "ಫೋಟೋ ತಗೊಂಡಿದ್ದೆ. ಯಾರಿಗೆಲ್ಲ ತೋಳು ಹೋಯ್ತು ಅಂತ ನೋಡ್ತಿದ್ಯಾ?"

"ಇಲ್ಲ." ಮೂಗೊರೆಸಿಕೊಂಡಳು. "ಯಾರು ವಾಪಸ್ ಬಂದ್ರು ಅಂತ ನೋಡ್ತಿದ್ದೆ."

ಪಟ್ಟಿಯನ್ನು ನಾನು ಮೊದಲ ಸಲ ಮೋಸ ಹುಡುಕುತ್ತಾ ಓದಿದ್ದೆ, ಎರಡನೆಯ ಸಲ ಕೆಡುಕು ಹುಡುಕುತ್ತಾ ಓದಿದ್ದೆ. ಅವಳು ದಿನಗಟ್ಟಲೆ ಒಬ್ಬಳೇ ಕೂತು, ಯಾವುದೋ ಕಾಲದ, ಯಾವುದೋ ದೇಶದ, ಸತ್ತುಹೋದ ಗಂಡಸರ ನಡುವೆ ತನಗೊಬ್ಬ ಜೊತೆಗಾರನನ್ನು ಹುಡುಕುತ್ತಿದ್ದಳು. ಪಕ್ಕದ ಕೋಣೆಯಲ್ಲಿ ತಾಯಿ ಇದ್ದಳು.

"ಸಿಕ್ಕಿದ್ರಾ?"

"ಒಬ್ಬ ಸಿಕ್ಕಿದಾನೆ. ಮಧ್ಯ ಗ್ಯಾಪ್ ಇದೆ. ಆ ವರ್ಷಗಳ ಸಾಲೇ ಇಲ್ಲ. ಆಮೇಲೆ ಮತ್ತೆ ಇದಾನೆ. ಸ್ವಲ್ಪ ಕಡಿಮೆ ಇನ್ನಿಂಗ್ಸ್, ಆದ್ರೆ ಇದಾನೆ."

"ಅಷ್ಟು ಸಾಕು," ಎಂದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು. ಡಾಕ್ಟರಿಗೆ ತೋರಿಸೋಣ ಎಂದೆ. ಸೋಮವಾರ ಬಾಲ್ ಹಾಕುವ ಹಾಗಿಲ್ಲ, ಆದರೆ ತಂಡದಿಂದ ಬಿಡಿಸುವುದಿಲ್ಲ, ಜರ್ಸಿ ಹಾಕಿಕೊಂಡು ಅವರ ಜೊತೆ ಬೆಂಚಿನ ಮೇಲೆ ಕೂರುತ್ತೀಯ ಎಂದೆ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಪಂದ್ಯ ಹೋಯಿತೆಂದೋ, ಗುಟ್ಟಿನ ಭಾರ ಇಳಿಯಿತೆಂದೋ ನನಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ.

ಬೆಳಗಿನಿಂದ ಅವಳು ಸರಿಯಾಗಿ ಏನೂ ತಿಂದಿರಲಿಲ್ಲ. ದೊಡ್ಡ ಸ್ಟೀಲಿನ ಬೋಗುಣಿಯಲ್ಲಿ ಅನ್ನ, ಹುಳಿ, ಒಂದು ಚಮಚ ತುಪ್ಪ ಹಾಕಿ ಕಲಸಿದೆ. ನಡುಮನೆಗೆ ಬಂದು ಅತ್ತೆಯ ಪಕ್ಕ ನೆಲದ ಮೇಲೆ ಕೂತೆ. ಅವಳು ಚಿಕ್ಕವಳಿದ್ದಾಗ ಹೀಗೇ ಕೂತು ಕೈತುತ್ತು ಹಾಕುತ್ತಿದ್ದೆ. ಆಮೇಲೆ ನನಗೆ ಮೀಟಿಂಗುಗಳು, ಅವಳಿಗೆ ಟ್ಯೂಷನ್ನು, ಅದೆಲ್ಲ ನಿಂತುಹೋಗಿತ್ತು. ಅವಳು ಎದುರಿಗೆ ಬಂದು ಚಕ್ಕಂಬಕ್ಕಳ ಹಾಕಿ ಕೂತಳು. ಅಭ್ಯಾಸಬಲದಿಂದ ಬಲಗೈ ಮುಂದೆ ಬಂತು. ಅರ್ಧದಲ್ಲೇ ನಿಂತಿತು. ಅವಳು ಅಜ್ಜಿಯ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಎಡಗೈ ಕೊಡು," ಎಂದೆ.

ಅವಳು ಎಡಗೈ ಚಾಚಿದಳು. ನಾನು ತುತ್ತನ್ನು ಉಂಡೆ ಮಾಡಿ, ಮಧ್ಯೆ ಒಂದು ಗುಳಿ ಮಾಡಿ, ಅದರಲ್ಲಿ ಹುಳಿಯ ರಸ ಬಿಟ್ಟು ಆ ಅಂಗೈಯಲ್ಲಿಟ್ಟೆ. ಅತ್ತೆ ಹುಬ್ಬು ಎತ್ತಲಿಲ್ಲ. ಸೋಫಾದಿಂದ ಇಳಿದು ಮೊಮ್ಮಗಳ ಬೆನ್ನ ಹಿಂದೆ ಕೂತು, ಅವಳ ಬಲಭುಜವನ್ನು ಹೆಬ್ಬೆರಳಿನಲ್ಲಿ ಮೆಲ್ಲಗೆ ಒತ್ತಿ ನೋಡಿದರು.

"ಇಲ್ಲೇನೇ ನೋವು?" ಎಂದು ಕೇಳಿದರು.

"ಹೂಂ ಅಜ್ಜಿ," ಎಂದಳು ಅವಳು, ಬಾಯಿತುಂಬ ಅನ್ನ ಇಟ್ಟುಕೊಂಡು. ಎಡಗೈ ಮತ್ತೆ ನನ್ನ ಮುಂದೆ ಬಂತು.